ಕಾಲೇಜ್ ಫುಟ್‌ಬಾಲ್ ಪ್ಲೇಆಫ್ ಹಿಗ್ಗಿದ ಮೇಲೆ ಸಣ್ಣ ಕಾನ್ಫರೆನ್ಸ್‌ಗಳ ರಿಕ್ರೂಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಕಾಲೇಜ್ ಫುಟ್‌ಬಾಲ್ ಮಾತು ಈಗ ಅಪರೂಪವಲ್ಲ. ಮಗ ಹೈಸ್ಕೂಲ್ ಟೀಮ್ ಸೇರಿದ ಮೇಲೆ ಶುಕ್ರವಾರ ರಾತ್ರಿ ಸ್ಟೇಡಿಯಂಗೆ ಹೋಗುವುದು ರೂಢಿಯಾದವರು ಇದ್ದಾರೆ, ತಾವು ಎಂಎಸ್ ಓದಿದ ಕಾಲೇಜಿನ ತಂಡವನ್ನು ಬಿಡದೆ ಹಿಂಬಾಲಿಸುವವರೂ ಇದ್ದಾರೆ. ಅವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲೇಆಫ್, ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸೀಸನ್ ಕೊನೆಯ ಪಂದ್ಯಾವಳಿ, ದೊಡ್ಡದಾದದ್ದರಿಂದ ಸಣ್ಣ ತಂಡಗಳಿಗೆ ನಿಜವಾದ ಬಾಗಿಲೊಂದು ತೆರೆದಿದೆ. ಆದರೆ ಅದೇ ಹೊತ್ತಿಗೆ ಆಟಗಾರರು ಹೊರಗೆ ಹೋಗುವ ಬಾಗಿಲೂ ತೆರೆದುಕೊಂಡಿತು. ಹಾಗಾಗಿ ಇವತ್ತು ಸಣ್ಣ ತಂಡದ ಕೋಚ್‌ಗೆ ಹುಡುಗರನ್ನು ಕರೆತರುವ ರಿಕ್ರೂಟಿಂಗ್‌ಗಿಂತ ಬಂದವರನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

ಸಣ್ಣ ಕಾನ್ಫರೆನ್ಸ್ ಅಂದರೆ ಯಾವುವು?

ಮೇಲ್ದರ್ಜೆಯ ಕಾಲೇಜ್ ಫುಟ್‌ಬಾಲ್‌ಗೆ ಎಫ್‌ಬಿಎಸ್ ಎಂದು ಹೆಸರು. 2025ರಲ್ಲಿ ಅದರಲ್ಲಿ 136 ತಂಡಗಳಿದ್ದವು. ಹೆಚ್ಚಿನವು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಆಡುತ್ತವೆ. ಎಸ್‌ಇಸಿ, ಬಿಗ್ ಟೆನ್, ಬಿಗ್ 12 ಮತ್ತು ಎಸಿಸಿ ದೊಡ್ಡವು. ಅಮೆರಿಕನ್, ಮೌಂಟನ್ ವೆಸ್ಟ್, ಸನ್ ಬೆಲ್ಟ್, ಮಿಡ್-ಅಮೆರಿಕನ್, ಕಾನ್ಫರೆನ್ಸ್ ಯುಎಸ್‌ಎ ಈ ಐದನ್ನು ಸೇರಿಸಿ ಗ್ರೂಪ್ ಆಫ್ ಫೈವ್ ಎನ್ನುತ್ತಿದ್ದರು. ಮರುಹುಟ್ಟು ಪಡೆದ ಪ್ಯಾಕ್-12 ಕೂಡ 2026ರಿಂದ ಈ ಸಾಲಿಗೆ ಬರುವುದರಿಂದ ಆರಾಗುತ್ತವೆ. ತಂಡಗಳ ಲೆಕ್ಕದಲ್ಲಿ ಇವು ಸರಿಸುಮಾರು ಅರ್ಧದಷ್ಟಿವೆ. ಹಣದ ಲೆಕ್ಕ ಮುಂದೆ ಬರುತ್ತದೆ.

ಪ್ಲೇಆಫ್‌ನಲ್ಲಿ ಬದಲಾಗಿದ್ದೇನು?

2014ರಿಂದ 2023ರ ಸೀಸನ್‌ವರೆಗೆ ಪ್ಲೇಆಫ್‌ಗೆ ನಾಲ್ಕೇ ತಂಡ. ಒಂದು ಸಮಿತಿ ಕೂತು ಆರಿಸುತ್ತಿತ್ತು, ಯಾರಿಗೂ ಖಾತ್ರಿ ಜಾಗ ಇರಲಿಲ್ಲ. 2024ರಿಂದ ಹನ್ನೆರಡು ತಂಡ. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ 2025ರವರೆಗೆ ಜಾಗ ಖಾತ್ರಿ ಇತ್ತು, ಉಳಿದ ಏಳು ಜಾಗ ರ‍್ಯಾಂಕಿಂಗ್ ಪ್ರಕಾರ. ದೊಡ್ಡ ಕಾನ್ಫರೆನ್ಸ್‌ಗಳು ನಾಲ್ಕೇ ಇರುವುದರಿಂದ ಐದನೆಯ ಖಾತ್ರಿ ಜಾಗ ಸಣ್ಣ ಕಾನ್ಫರೆನ್ಸ್‌ನ ಚಾಂಪಿಯನ್‌ಗೇ ಹೋಗಬೇಕು. ರಿಕ್ರೂಟಿಂಗ್ ದೃಷ್ಟಿಯಿಂದ ಇಡೀ ಬದಲಾವಣೆಯಲ್ಲಿ ಮುಖ್ಯವಾದದ್ದು ಈ ಒಂದು ಜಾಗ.

ಅದಕ್ಕೂ ಮೊದಲು ಸಣ್ಣ ತಂಡಗಳಿಗೆ ಅವಕಾಶವೇ ಇರಲಿಲ್ಲವೇ?

ಕಾಗದದ ಮೇಲೆ ಇತ್ತು. ಹತ್ತು ವರ್ಷಗಳಲ್ಲಿ ಒಟ್ಟು 40 ಜಾಗಗಳಲ್ಲಿ ಸಣ್ಣ ಕಾನ್ಫರೆನ್ಸ್‌ಗಳಿಗೆ ಸಿಕ್ಕಿದ್ದು ಒಂದೇ ಒಂದು, 2021ರ ಸಿನ್ಸಿನಾಟಿಗೆ. 2017ರಲ್ಲಿ ಯುಸಿಎಫ್ ಒಂದೂ ಪಂದ್ಯ ಸೋಲದೆ 13-0 ಆಗಿ ಮುಗಿಸಿತು, ಕೊನೆಗೆ ಪೀಚ್ ಬೌಲ್ ಎಂಬ ಪಂದ್ಯದಲ್ಲಿ ಆಬರ್ನ್ ತಂಡವನ್ನು 34-27ರಿಂದ ಸೋಲಿಸಿತು. ಆದರೂ ಪ್ಲೇಆಫ್ ಹತ್ತಿರಕ್ಕೂ ಬಿಡಲಿಲ್ಲ. ಆ ಹುಡುಗರಿಗೆ ಆದ ಅನ್ಯಾಯ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇದು ರಿಕ್ರೂಟಿಂಗ್‌ಗೆ ನೇರವಾಗಿ ತಟ್ಟುತ್ತಿತ್ತು. ದೊಡ್ಡ ತಂಡದ ಕೋಚ್ ಹುಡುಗನ ಮನೆಗೆ ಬಂದು ಸೋಫಾ ಮೇಲೆ ಕೂತು, "ಅಲ್ಲಿಗೆ ಹೋದರೆ ಎಲ್ಲಾ ಪಂದ್ಯ ಗೆದ್ದರೂ ನಿನ್ನನ್ನು ಒಳಗೆ ಬಿಡೋದಿಲ್ಲ" ಅಂದರೆ, ಸಣ್ಣ ತಂಡದ ಕೋಚ್ ಬಳಿ ಅದಕ್ಕೆ ಉತ್ತರ ಇರುತ್ತಿರಲಿಲ್ಲ. ಆ ಮಾತು ನಿಜವಾಗಿತ್ತು. 2024ರಿಂದ ಅದು ಸುಳ್ಳಾಯಿತು.

ಹಾಗಾದರೆ ಈಗ ನಾಲ್ಕು, ಐದು ಸ್ಟಾರ್ ಹುಡುಗರು ಸಣ್ಣ ತಂಡಗಳಿಗೆ ಬರುತ್ತಿದ್ದಾರಾ?

ಹಾಗೇನೂ ಇಲ್ಲ. ಹೈಸ್ಕೂಲ್ ಮಟ್ಟದಲ್ಲಿ ಸ್ಟಾರ್ ಲೆಕ್ಕ, ಅಂದರೆ ರಿಕ್ರೂಟಿಂಗ್ ಜಾಲತಾಣಗಳು ಹುಡುಗರಿಗೆ ಐದರವರೆಗೆ ಕೊಡುವ ಅಂಕ, ಹೆಚ್ಚೂಕಡಿಮೆ ಮೊದಲಿನಂತೆಯೇ ಇದೆ. ಸಣ್ಣ ಕಾನ್ಫರೆನ್ಸ್‌ಗಳಿಗೆ ಬರುವವರಲ್ಲಿ ಹೆಚ್ಚಿನವರು ಎರಡು, ಮೂರು ಸ್ಟಾರ್‌ನವರೇ. ಪ್ಲೇಆಫ್ ಕನಸು ಒಂದು ಕಾರಣವಷ್ಟೆ. ಹಣ, ಟಿವಿ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗುವ ದಾರಿ, ಸ್ಟೇಡಿಯಂನ ಗಾತ್ರ, ಎಲ್ಲವೂ ದೊಡ್ಡ ತಂಡಗಳ ಕಡೆಗೇ ಎಳೆಯುತ್ತವೆ.

ಬದಲಾಗಿರುವುದು ಬೇರೆ ಕಡೆ. ಮೂರು ಸ್ಟಾರ್ ಹುಡುಗನೊಬ್ಬನಿಗೆ ಒಂದು ಕಡೆ ಬಿಗ್ 12ರಲ್ಲಿ ತಳದಲ್ಲಿರುವ ತಂಡದ ಆಫರ್, ಇನ್ನೊಂದು ಕಡೆ ಬಾಯ್ಸಿ ಸ್ಟೇಟ್ ಆಫರ್ ಇದೆ ಅಂದುಕೊಳ್ಳಿ. ಮೊದಲು ಅವನು ಕಣ್ಣು ಮುಚ್ಚಿ ಬಿಗ್ 12 ಆರಿಸುತ್ತಿದ್ದ. ಈಗ ಯೋಚನೆ ಮಾಡುತ್ತಾನೆ. ಆ ತಳದ ತಂಡ ಪ್ಲೇಆಫ್ ತಲುಪಲು ಆ ಕಾನ್ಫರೆನ್ಸ್ ಗೆಲ್ಲಬೇಕು, ಇಲ್ಲವೇ ರ‍್ಯಾಂಕಿಂಗ್‌ನಲ್ಲಿ ಬಹಳ ಮೇಲೇರಬೇಕು. ಬಾಯ್ಸಿಗೆ ತನ್ನ ಕಾನ್ಫರೆನ್ಸ್ ಗೆದ್ದು, ಉಳಿದ ಸಣ್ಣ ಚಾಂಪಿಯನ್ನರಿಗಿಂತ ಮುಂದಿದ್ದರೆ ಸಾಕು. ಅಂಚಿನಲ್ಲಿರುವ ಈ ಹುಡುಗರ ವಿಷಯದಲ್ಲಿ ಸಣ್ಣ ತಂಡಗಳಿಗೆ ಲಾಭವಾಗಿದೆ ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಲಾಭ ಎಲ್ಲ ಸಣ್ಣ ತಂಡಗಳಿಗೂ ಹಂಚಿಹೋಗಿಲ್ಲ. ಗೆಲ್ಲುವ ಅಭ್ಯಾಸವಿರುವ ಬಾಯ್ಸಿ ಸ್ಟೇಟ್, ಟುಲೇನ್, ಜೇಮ್ಸ್ ಮ್ಯಾಡಿಸನ್‌ನಂಥ ಕೆಲವೇ ತಂಡಗಳು ಅದನ್ನು ಉಣ್ಣುತ್ತಿವೆ. ತಮ್ಮ ಕಾನ್ಫರೆನ್ಸ್‌ನಲ್ಲೇ ಎಂಟನೆಯ ಸ್ಥಾನದಲ್ಲಿರುವ ತಂಡದ ಕೋಚ್ ಈ ಮಾತಾಡಿದರೆ ಹುಡುಗರು ನಂಬುವುದಿಲ್ಲ.

ಬಾಯ್ಸಿ ಸ್ಟೇಟ್ ಕಥೆಯನ್ನು ಎಲ್ಲರೂ ಯಾಕೆ ಹೇಳುತ್ತಾರೆ?

2024ರಲ್ಲಿ ಹನ್ನೆರಡು ತಂಡಗಳ ಮೊದಲ ಪ್ಲೇಆಫ್‌ನಲ್ಲಿ ಬಾಯ್ಸಿ ಬರೀ ಒಳಗೆ ಬರಲಿಲ್ಲ, ಮೂರನೇ ಸೀಡ್ (ಪ್ಲೇಆಫ್ ಪಟ್ಟಿಯ ಕ್ರಮಾಂಕ) ಪಡೆದು ಮೊದಲ ಸುತ್ತು ಆಡದೆಯೇ ಕ್ವಾರ್ಟರ್‌ಫೈನಲ್ ತಲುಪಿತು. ಫಿಯೆಸ್ಟಾ ಬೌಲ್‌ನಲ್ಲಿ ಪೆನ್ ಸ್ಟೇಟ್ ಎದುರು 31-14ರಿಂದ ಸೋತಿತು.

ಆ ತಂಡದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಆಶ್ಟನ್ ಜೆಂಟಿ. ಟೆಕ್ಸಸ್‌ನ ಫ್ರಿಸ್ಕೊದ ಲೋನ್ ಸ್ಟಾರ್ ಹೈಸ್ಕೂಲ್‌ನಿಂದ ಬಂದವನು. ಅದೇ ಫ್ರಿಸ್ಕೊದಲ್ಲಿ ಎಷ್ಟೊಂದು ಕನ್ನಡದ ಮನೆಗಳಿವೆ! ಹೈಸ್ಕೂಲ್‌ನಲ್ಲಿ ಅವನಿಗೆ ಸಿಕ್ಕಿದ್ದು ಮೂರು ಸ್ಟಾರ್. 2024ರ ಸೀಸನ್‌ನಲ್ಲಿ ಅವನು ಓಡಿದ್ದು 2,601 ಯಾರ್ಡ್. 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಬರೆದ 2,628 ಯಾರ್ಡ್ ದಾಖಲೆಗೆ 27 ಕಡಿಮೆ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವನಾದ. 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಲಾಸ್ ವೇಗಸ್ ರೇಡರ್ಸ್ ಆರನೆಯ ಆಯ್ಕೆಯಾಗಿ ಅವನನ್ನು ಕರೆದುಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು 2023ರ ಸೀಸನ್ ಮುಗಿದ ಹೊತ್ತು. ಆಗಲೇ ಹೆಸರು ಮಾಡಿದ್ದ ಅವನು ದೊಡ್ಡ ತಂಡವೊಂದಕ್ಕೆ ಹೋಗಿ ಹೆಚ್ಚು ದುಡ್ಡು ತೆಗೆದುಕೊಳ್ಳಬಹುದಿತ್ತು. ಹೋಗಲಿಲ್ಲ, ಬಾಯ್ಸಿಯಲ್ಲೇ ಉಳಿದ. ಸಣ್ಣ ತಂಡಗಳ ಕೋಚ್‌ಗಳು ಇವತ್ತಿಗೂ ಹುಡುಗರ ಮುಂದೆ ಅವನ ಹೆಸರು ಎತ್ತುವುದು ಅದಕ್ಕೇ. ಮೌಂಟನ್ ವೆಸ್ಟ್‌ನಲ್ಲಿದ್ದುಕೊಂಡೇ ಪ್ಲೇಆಫ್, ಹೈಸ್‌ಮನ್ ವೇದಿಕೆ, ಡ್ರಾಫ್ಟ್‌ನ ಮೊದಲ ಹತ್ತು, ಎಲ್ಲವೂ ಆಗುತ್ತದೆ ಎಂದು ತೋರಿಸಿದ್ದು ಅವನು. ಆದರೆ ಜೆಂಟಿಯಂತೆ ಉಳಿದವರಿಗಿಂತ ಹೊರಟುಹೋದವರ ಪಟ್ಟಿ ಬಹಳ ಉದ್ದವಿದೆ.

2025ರಲ್ಲಿ ಎರಡು ಸಣ್ಣ ತಂಡಗಳು ಬಂದವಲ್ಲ, ಅದು ಹೇಗಾಯಿತು?

ಈ ಇಡೀ ವಿಷಯ ಅರ್ಥವಾಗಬೇಕಾದರೆ ಈ ಒಂದು ಪ್ರಸಂಗ ಸಾಕು.

2024ರಲ್ಲಿ ಟುಲೇನ್‌ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವ ಆಟಗಾರ) ಆಗಿದ್ದವನು ಡೇರಿಯನ್ ಮೆನ್ಸಾ. ಹೈಸ್ಕೂಲ್‌ನಲ್ಲಿ ದೊಡ್ಡವರಾರೂ ಅವನನ್ನು ಅಷ್ಟಾಗಿ ಕೇಳಿರಲಿಲ್ಲ. ಟುಲೇನ್ ಅವನನ್ನು ಗುರುತಿಸಿತು, ಬೆಳೆಸಿತು, ಮೈದಾನಕ್ಕಿಳಿಸಿತು. ಒಂದೇ ಸೀಸನ್ ಚೆನ್ನಾಗಿ ಆಡಿದ, ಡ್ಯೂಕ್ ಬಂದು ಕರೆದುಕೊಂಡು ಹೋಯಿತು. ಎರಡು ವರ್ಷಕ್ಕೆ ಸುಮಾರು 80 ಲಕ್ಷ ಡಾಲರ್ ಒಪ್ಪಂದ ಎಂದು ವರದಿಯಾಗಿತ್ತು. ಟುಲೇನ್‌ನಂಥ ತಂಡ ಅಷ್ಟು ಕೊಡುವ ಮಾತೇ ಇಲ್ಲ.

ಮರುವರ್ಷ ಮೆನ್ಸಾ ಡ್ಯೂಕ್ ತಂಡವನ್ನು ಎಸಿಸಿ ಚಾಂಪಿಯನ್ ಮಾಡಿದ. ಆದರೆ ಐದು ಪಂದ್ಯ ಸೋತಿದ್ದ ಡ್ಯೂಕ್ ರ‍್ಯಾಂಕಿಂಗ್‌ನಲ್ಲೇ ಇರಲಿಲ್ಲ. ಅಮೆರಿಕನ್ ಕಾನ್ಫರೆನ್ಸ್ ಗೆದ್ದ ಟುಲೇನ್, ಸನ್ ಬೆಲ್ಟ್ ಗೆದ್ದ ಜೇಮ್ಸ್ ಮ್ಯಾಡಿಸನ್ ಎರಡೂ ಅದಕ್ಕಿಂತ ಮೇಲಿದ್ದವು. ಐದು ಖಾತ್ರಿ ಜಾಗಗಳಲ್ಲಿ ಎರಡು ಇವರಿಗೆ ಬಂದವು. ಡ್ಯೂಕ್ ಹೊರಗುಳಿಯಿತು. ಮೆನ್ಸಾ ಬಿಟ್ಟುಹೋದ ಟುಲೇನ್, ಬಿವೈಯುನಿಂದ ಬಂದ ಜೇಕ್ ರೆಟ್ಜ್‌ಲಾಫ್‌ನನ್ನು ಕ್ವಾರ್ಟರ್‌ಬ್ಯಾಕ್ ಮಾಡಿಕೊಂಡು ಪ್ಲೇಆಫ್‌ಗೆ ನಡೆಯಿತು. ಆಟಗಾರರು ತಂಡ ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಒಬ್ಬನನ್ನು ಕಳೆದುಕೊಂಡರೂ ಚುರುಕಾಗಿದ್ದರೆ ಜಾಗ ತುಂಬಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮೊದಲ ಸುತ್ತಿನಲ್ಲಿ ಟುಲೇನ್ ಓಲೆ ಮಿಸ್ ಎದುರು 41-10, ಜೇಮ್ಸ್ ಮ್ಯಾಡಿಸನ್ ಆರೆಗಾನ್ ಎದುರು 51-34ರಿಂದ ಸೋತವು. "ಇವರನ್ನು ಯಾಕೆ ಸೇರಿಸಿದಿರಿ?" ಎಂಬ ಕೂಗು ತಕ್ಷಣ ಎದ್ದಿತು. ಆದರೆ 2024ರ ಮೊದಲ ಸುತ್ತಿನಲ್ಲಿ ಎಸ್‌ಇಸಿಯ ಟೆನೆಸಿ ತಂಡವೇ ಒಹಾಯೊ ಸ್ಟೇಟ್ ಎದುರು 42-17ರಿಂದ ಸೋತಿತ್ತು. ಆಗ ಎಸ್‌ಇಸಿಗೆ ಜಾಗ ಕಡಿಮೆ ಮಾಡಿ ಎಂದು ಇವರಾರೂ ಹೇಳಲಿಲ್ಲ. ದೊಡ್ಡವರು ಸೋತರೆ ಅದೊಂದು ಕೆಟ್ಟ ದಿನ, ಸಣ್ಣವರು ಸೋತರೆ ಅವರಿಗೆ ಯೋಗ್ಯತೆಯೇ ಇಲ್ಲ ಅನ್ನುವ ಈ ನ್ಯಾಯವನ್ನು ನಾನು ಒಪ್ಪುವುದಿಲ್ಲ.

ಗೆದ್ದ ಮೇಲೆ ಕೋಚ್‌ಗಳೇ ಹೊರಟುಹೋಗುತ್ತಾರಂತೆ, ನಿಜವೇ?

ನಿಜ, ಮತ್ತು ರಿಕ್ರೂಟಿಂಗ್‌ಗೆ ಅತಿ ದೊಡ್ಡ ಪೆಟ್ಟು ಇದೇ. 2025ರಲ್ಲಿ ಪ್ಲೇಆಫ್ ಆಡಿದ ಟುಲೇನ್‌ನ ಜಾನ್ ಸಮ್ರಾಲ್ ಫ್ಲಾರಿಡಾಗೆ, ಜೇಮ್ಸ್ ಮ್ಯಾಡಿಸನ್‌ನ ಬಾಬ್ ಚೆಸ್ನಿ ಯುಸಿಎಲ್‌ಎಗೆ ಹೋಗುವುದು ಪ್ಲೇಆಫ್ ಶುರುವಾಗುವ ಮೊದಲೇ ತೀರ್ಮಾನವಾಗಿತ್ತು. ಇಬ್ಬರೂ ಪ್ಲೇಆಫ್ ಮುಗಿಯುವವರೆಗೆ ಇದ್ದು ತಂಡ ನಡೆಸಿದ್ದು ಅವರ ದೊಡ್ಡತನ. ಅಮೆರಿಕನ್ ಕಾನ್ಫರೆನ್ಸ್ ಒಂದರಿಂದಲೇ ಆ ವರ್ಷ ನಾಲ್ವರು ಹೋದರು: ಸಮ್ರಾಲ್ ಅಲ್ಲದೆ ನಾರ್ತ್ ಟೆಕ್ಸಸ್‌ನ ಎರಿಕ್ ಮಾರಿಸ್ ಒಕ್ಲಹೋಮಾ ಸ್ಟೇಟ್‌ಗೆ, ಸೌತ್ ಫ್ಲಾರಿಡಾದ ಅಲೆಕ್ಸ್ ಗೋಲೆಶ್ ಆಬರ್ನ್‌ಗೆ, ಮೆಂಫಿಸ್‌ನ ರಯಾನ್ ಸಿಲ್ವರ್‌ಫೀಲ್ಡ್ ಅರ್ಕಾನ್ಸಾಗೆ. ಟುಲೇನ್ ಮತ್ತು ನಾರ್ತ್ ಟೆಕ್ಸಸ್ ನಡುವೆ ಕಾನ್ಫರೆನ್ಸ್ ಫೈನಲ್ ನಡೆದಾಗ ಎರಡೂ ಕಡೆಯ ಮುಖ್ಯ ಕೋಚ್‌ಗಳಿಗೆ ಬೇರೆ ಕಡೆ ಕೆಲಸ ಗೊತ್ತಾಗಿತ್ತು.

ಕೋಚ್ ಹೋದರೆ ಆಟಗಾರರೂ ಹಿಂದೆ ಹೋಗುತ್ತಾರೆ. ಕರ್ಟ್ ಸಿಗ್ನೆಟಿ 2023ರ ಕೊನೆಗೆ ಜೇಮ್ಸ್ ಮ್ಯಾಡಿಸನ್ ಬಿಟ್ಟು ಇಂಡಿಯಾನಾಗೆ ಹೋದಾಗ ಹನ್ನೆರಡಕ್ಕೂ ಹೆಚ್ಚು ಆಟಗಾರರು ಜತೆಗೆ ಹೊರಟರು. ಎಲೈಜಾ ಸರಾಟ್, ಡಿ'ಏಂಜೆಲೊ ಪಾಂಡ್ಸ್, ಏಡನ್ ಫಿಶರ್, ಮಿಕೇಲ್ ಕಮಾರಾ ಅವರಲ್ಲಿ ಕೆಲವರು. 2025ರ ಸೀಸನ್‌ನಲ್ಲಿ ಅದೇ ಇಂಡಿಯಾನಾ ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ದೊಡ್ಡವರು ಕಣ್ಣೆತ್ತಿ ನೋಡದ ಹುಡುಗರನ್ನು ಹುಡುಕಿ ತಂದಿದ್ದು ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನಲ್ಲಿರುವ ಸಣ್ಣ ತಂಡ. ಬಿತ್ತಿದವರು ಯಾರೋ, ಒಕ್ಕಿದವರು ಯಾರೋ.

ನಾರ್ತ್ ಟೆಕ್ಸಸ್‌ನ ಡ್ರೂ ಮೆಸ್ಟಮೇಕರ್ ವಿಷಯವೂ ಅಷ್ಟೇ. ಹೈಸ್ಕೂಲ್ ಮುಖ್ಯ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಒಂದು ಪಂದ್ಯವನ್ನೂ ಶುರುಮಾಡದಿದ್ದ ಹುಡುಗ, ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಸೇರಿ, 2025ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಯಾರ್ಡ್ ಪಾಸ್ ಎಸೆದು ದೇಶಕ್ಕೇ ಮೊದಲಿಗನಾದ. ಕೋಚ್ ಮಾರಿಸ್ ಹಿಂದೆ ಅವನೂ ಒಕ್ಲಹೋಮಾ ಸ್ಟೇಟ್‌ಗೆ ಹೋದ. ಅವನನ್ನು ದೂರುವುದು ತಪ್ಪು. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಜೀವನ ಬದಲಿಸುವಷ್ಟು ಹಣ ಕಣ್ಣ ಮುಂದಿದ್ದಾಗ ಬೇಡ ಅನ್ನು ಎಂದು ಯಾರು ಹೇಳಬಲ್ಲರು?

ಹುಡುಗರಿಗೆ ಇಷ್ಟು ಸಲೀಸಾಗಿ ತಂಡ ಬದಲಿಸಲು ಆಗುವುದು ಹೇಗೆ?

ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಬಂತು. ಮೊದಲು ತಂಡ ಬದಲಿಸಿದವನು ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಕೂರದೆ ಬದಲಿಸಬಹುದು ಎಂದಾಯಿತು, 2024ರಿಂದ ಎಷ್ಟು ಸಲವಾದರೂ ಸರಿ. 2021ರ ಜುಲೈಯಿಂದ ಎನ್‌ಐಎಲ್, ಅಂದರೆ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸುವ ಹಕ್ಕು ಬಂತು. ಒಂದು ವರ್ಷಕ್ಕೆ 25 ಹೊಸಬರನ್ನಷ್ಟೇ ಸೇರಿಸಿಕೊಳ್ಳಬೇಕೆಂಬ ಮಿತಿಯೂ ಹೋಯಿತು. ಹೀಗೆ ಪ್ಲೇಆಫ್ ಹಿಗ್ಗಿದ್ದು ಒಂದು ಕಡೆ, ಇವೆಲ್ಲ ಇನ್ನೊಂದು ಕಡೆ, ಹೆಚ್ಚೂಕಡಿಮೆ ಒಟ್ಟಿಗೇ ಬಂದವು. ಬರೀ ಪ್ಲೇಆಫ್ ಹಿಗ್ಗಿದ್ದರೆ ಸಣ್ಣ ತಂಡಗಳಿಗೆ ಇಂದು ಸುವರ್ಣಕಾಲವಾಗಿರುತ್ತಿತ್ತು.

ಹಣದ ಅಂತರ ಎಷ್ಟು?

ಆಟಗಾರರಿಗೆ ಹಣ ಕೊಡುವ ಬಗ್ಗೆ ನಡೆದ ಹೌಸ್ ಪ್ರಕರಣದ ಒಪ್ಪಂದಕ್ಕೆ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟ ಮೇಲೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಒಂದು ಕಾಲೇಜಿಗೆ ಮಿತಿ 2.05 ಕೋಟಿ ಡಾಲರ್. ದೊಡ್ಡ ಕಾಲೇಜುಗಳು ಆ ಮಿತಿಯವರೆಗೂ ಹೋಗುತ್ತವೆ, ಸಣ್ಣವಕ್ಕೆ ಅದರ ಒಂದು ಪಾಲು ಹೊಂದಿಸುವುದೇ ಕಷ್ಟ.

ಪ್ಲೇಆಫ್ ಹಣವೂ ಹಾಗೆಯೇ. 2024ರಲ್ಲಿ ಬಾಯ್ಸಿ ಕ್ವಾರ್ಟರ್‌ಫೈನಲ್ ತಲುಪಿದ್ದಕ್ಕೆ ಅದರ ಕಾನ್ಫರೆನ್ಸ್‌ಗೆ ಬಂದದ್ದು 80 ಲಕ್ಷ ಡಾಲರ್. 2026ರಿಂದ ಪ್ಲೇಆಫ್ ಪ್ರಸಾರಕ್ಕೆ ಇಎಸ್‌ಪಿಎನ್ ಜತೆ ಆರು ವರ್ಷಕ್ಕೆ 780 ಕೋಟಿ ಡಾಲರ್ ಒಪ್ಪಂದವಿದೆ. ಅದರಲ್ಲಿ ಬಿಗ್ ಟೆನ್‌ಗೆ ಸುಮಾರು ಶೇ 29, ಎಸ್‌ಇಸಿಗೆ ಸುಮಾರು ಶೇ 29. ಸಣ್ಣ ಕಾನ್ಫರೆನ್ಸ್‌ಗಳೆಲ್ಲ ಸೇರಿ ಸುಮಾರು ಶೇ 9. ಬಾಗಿಲು ತೆರೆದವರೇ ಊಟದ ಎಲೆಯನ್ನು ಚಿಕ್ಕದು ಮಾಡಿದ್ದಾರೆ.

ಡಿಸೆಂಬರ್ ತಿಂಗಳು ಕಷ್ಟ ಎನ್ನುತ್ತಾರಲ್ಲ, ಯಾಕೆ?

2025ರ ಡಿಸೆಂಬರ್ ನೋಡಿ. ಹೈಸ್ಕೂಲ್ ಹುಡುಗರು ಸಹಿ ಹಾಕುವ ದಿನ 3ನೇ ತಾರೀಖು. ಕಾನ್ಫರೆನ್ಸ್ ಫೈನಲ್ 5 ಮತ್ತು 6. ಪ್ಲೇಆಫ್ ಪಟ್ಟಿ 7ಕ್ಕೆ. ಟುಲೇನ್, ಜೇಮ್ಸ್ ಮ್ಯಾಡಿಸನ್ ಪಂದ್ಯ 20ಕ್ಕೆ. ಪೋರ್ಟಲ್ ಜನವರಿ 2ಕ್ಕೆ ತೆರೆಯಿತು. ಅಂದರೆ ಹುಡುಗ ಸಹಿ ಹಾಕುವಾಗ ಆ ತಂಡ ಪ್ಲೇಆಫ್‌ಗೆ ಹೋಗುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಪ್ಲೇಆಫ್ ಆಡಿದ ಹೆಮ್ಮೆಯನ್ನು ಆ ವರ್ಷದ ಹೈಸ್ಕೂಲ್ ರಿಕ್ರೂಟಿಂಗ್‌ಗೆ ಬಳಸಿಕೊಳ್ಳಲು ಸಮಯವೇ ಸಿಗುವುದಿಲ್ಲ, ಅದರ ಫಲ ಮುಂದಿನ ವರ್ಷದ ರಿಕ್ರೂಟಿಂಗ್‌ಗೆ. ಅಷ್ಟರಲ್ಲಿ ಕೋಚ್ ಬದಲಾಗಿದ್ದರೆ ಆ ಫಲವೂ ಇಲ್ಲ. ವಸಂತದ ಪೋರ್ಟಲ್ ಅವಧಿಯನ್ನು ತೆಗೆದು ಜನವರಿಯ ಒಂದೇ ಅವಧಿ ಇಟ್ಟದ್ದು ಒಳ್ಳೆಯ ಕೆಲಸ. ಮೊದಲು ಏಪ್ರಿಲ್‌ನಲ್ಲೂ ಆಟಗಾರರು ಹೊರಟು, ಸಣ್ಣ ತಂಡಗಳಿಗೆ ಜಾಗ ತುಂಬಿಸಲು ದಾರಿಯೇ ಇರುತ್ತಿರಲಿಲ್ಲ.

ಸಣ್ಣ ತಂಡಗಳಿಗೆ ಪೋರ್ಟಲ್‌ನಿಂದ ಏನೂ ಒಳ್ಳೆಯದಾಗಿಲ್ಲವೇ?

ಆಗಿದೆ. ದೊಡ್ಡ ತಂಡಗಳಲ್ಲಿ ಬೆಂಚಿನ ಮೇಲೆ ಕೂತು ಬೇಸತ್ತವರು ಕೆಳಗಿಳಿದು ಬರುತ್ತಾರೆ. ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿ ಬಂದದ್ದರಿಂದ, ಅಲ್ಲಿ ವಾಕ್-ಆನ್ ಆಗಿರುತ್ತಿದ್ದವರೂ ಹೊಸ ಜಾಗ ಹುಡುಕಬೇಕಾಗಿದೆ. ಇದರ ಬಿಸಿ ತಟ್ಟುವುದು ಹೈಸ್ಕೂಲ್ ಹುಡುಗರಿಗೆ. ಇಪ್ಪತ್ತೆರಡರ, ಮೈಕಟ್ಟು ಬಲಿತ, ಮೂರು ಸೀಸನ್ ಆಡಿದ ಆಟಗಾರ ಸಿಗುವಾಗ ಹದಿನೇಳರ ಹುಡುಗನಿಗಾಗಿ ಮೂರು ವರ್ಷ ಕಾಯಲು ಕೋಚ್‌ಗೆ ಧೈರ್ಯ ಬರುವುದಿಲ್ಲ. ಬೆಳೆಸಿದರೂ ಅವನು ಉಳಿಯುತ್ತಾನೆಂಬ ಭರವಸೆ ಇಲ್ಲ. ಹಾಗಾಗಿ ಹೈಸ್ಕೂಲ್ ಹುಡುಗರಿಗೆ ಸಿಗುವ ಆಫರ್‌ಗಳು ಮೊದಲಿಗಿಂತ ಕಡಿಮೆಯಾಗಿವೆ.

ಈ ಖಾತ್ರಿ ಜಾಗ ಮುಂದೆಯೂ ಇರುತ್ತದೆಯೇ?

2026ಕ್ಕೂ ಹನ್ನೆರಡೇ ತಂಡ. ಆದರೆ ನಾಲ್ಕೂ ದೊಡ್ಡ ಕಾನ್ಫರೆನ್ಸ್‌ಗಳ ಚಾಂಪಿಯನ್ನರಿಗೆ ರ‍್ಯಾಂಕಿಂಗ್ ಏನೇ ಇರಲಿ ಜಾಗ ಖಾತ್ರಿ ಮಾಡಿದ್ದಾರೆ, ಸಣ್ಣವರಲ್ಲಿ ಮೇಲಿರುವ ಒಬ್ಬರಿಗೆ ಒಂದು. 2025ರಲ್ಲಿ ಡ್ಯೂಕ್ ಹೊರಗುಳಿದು ಇಬ್ಬರು ಸಣ್ಣವರು ಬಂದಂಥದ್ದು ಮತ್ತೆ ಸುಲಭವಾಗಿ ಆಗದು. ಸೀಡಿಂಗ್ ಕೂಡ 2025ರಿಂದ ನೇರ ರ‍್ಯಾಂಕಿಂಗ್ ಪ್ರಕಾರ. ಬಾಯ್ಸಿಗೆ 2024ರಲ್ಲಿ ಸಿಕ್ಕಂತೆ ಒಂಬತ್ತನೇ ರ‍್ಯಾಂಕ್‌ನಲ್ಲಿದ್ದು ಮೊದಲ ಸುತ್ತಿನ ವಿನಾಯಿತಿ ಪಡೆಯುವುದು ಇನ್ನಿಲ್ಲ. ಬಾಯ್ಸಿ, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್ ಎಲ್ಲ ಪ್ಯಾಕ್-12 ಸೇರುತ್ತಿರುವುದರಿಂದ ಆ ಒಂದು ಜಾಗಕ್ಕೆ ಪೈಪೋಟಿ ಹೆಚ್ಚುತ್ತದೆ, ಮೌಂಟನ್ ವೆಸ್ಟ್‌ನಲ್ಲಿ ಉಳಿದವರ ರಿಕ್ರೂಟಿಂಗ್ ಬಡವಾಗುತ್ತದೆ.

ನನ್ನ ಮಗನಿಗೆ ಸಣ್ಣ ಕಾನ್ಫರೆನ್ಸ್ ತಂಡದ ಆಫರ್ ಬಂದಿದೆ. ಕೋಚ್ ಹತ್ತಿರ ಏನು ಕೇಳಬೇಕು?

ಪ್ಲೇಆಫ್ ಬಗ್ಗೆ ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಇವನು ಆಡುವ ಸ್ಥಾನಕ್ಕೆ ಕಳೆದ ಎರಡು ವರ್ಷದಲ್ಲಿ ಪೋರ್ಟಲ್‌ನಿಂದ ಎಷ್ಟು ಜನರನ್ನು ತಂದಿರಿ, ಹೈಸ್ಕೂಲ್‌ನಿಂದ ಎಷ್ಟು ಜನರನ್ನು ತಂದಿರಿ ಎಂದು ಕೇಳಿ. ಸ್ಕಾಲರ್‌ಶಿಪ್ ಎಷ್ಟು ವರ್ಷಕ್ಕೆ ಎಂಬುದು ಬರವಣಿಗೆಯಲ್ಲಿ ಇರಲಿ. ಹಿಂದೆ ಇದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲಿ ಹೋಗಿರುವುದರಿಂದ ಈಗ ಸಹಿ ಬೀಳುವುದು ಆರ್ಥಿಕ ನೆರವಿನ ಪತ್ರದ ಮೇಲೆ, ಅದನ್ನು ಪೂರ್ತಿ ಓದಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೋಚ್ ನಾಳೆ ಹೋದರೂ ಆ ಕಾಲೇಜಿನಲ್ಲಿ ಮಗ ಓದಬಯಸುವ ವಿಷಯ ಚೆನ್ನಾಗಿದೆಯೇ ನೋಡಿ. ಕೋಚ್ ಹೋಗುವ ಸಾಧ್ಯತೆ ದೊಡ್ಡದು, ತಂಡ ಗೆದ್ದರಂತೂ ಇನ್ನೂ ದೊಡ್ಡದು.

ನಾವು ಎಚ್-1ಬಿ ಮೇಲಿದ್ದೇವೆ, ಮಗ ಎಚ್-4. ಅವನು ಈ ಹಣ ತೆಗೆದುಕೊಳ್ಳಬಹುದೇ?

ಗ್ರೀನ್ ಕಾರ್ಡ್ ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ನಮ್ಮವರು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ಎಚ್-4 ಮೇಲಿರುವ ಮಗ ಕಾಲೇಜಿನಲ್ಲಿ ಓದಬಹುದು, ತಂಡದಲ್ಲಿ ಆಡಬಹುದು, ಸ್ಕಾಲರ್‌ಶಿಪ್ ಪಡೆಯಬಹುದು. ಕೆಲಸ ಮಾಡುವಂತಿಲ್ಲ. ಜಾಹೀರಾತಿನಲ್ಲಿ ನಟಿಸುವುದು, ದುಡ್ಡಿಗೆ ಆಟೋಗ್ರಾಫ್ ಕೊಡುವುದು ಕೆಲಸವೆಂದು ಪರಿಗಣಿತವಾದರೆ ಸ್ಟೇಟಸ್‌ಗೇ ಕುತ್ತು. ಇಪ್ಪತ್ತೊಂದು ತುಂಬಿದರೆ ಎಚ್-4 ಮುಗಿಯುತ್ತದೆ, ಎಫ್-1ಗೆ ಬದಲಾಯಿಸಿಕೊಂಡರೂ ಕೆಲಸದ ಮೇಲಿನ ಕಟ್ಟುಪಾಡು ಹೋಗುವುದಿಲ್ಲ. ಅಮೆರಿಕದಲ್ಲೇ ಹುಟ್ಟಿ ಪೌರತ್ವ ಪಡೆದ ಮಕ್ಕಳಿಗೂ ಗ್ರೀನ್ ಕಾರ್ಡ್ ಇರುವವರಿಗೂ ಈ ತೊಡಕಿಲ್ಲ. ಯಾವುದೇ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ, ಇಮಿಗ್ರೇಶನ್ ವಕೀಲರಿಗೆ ಆ ಕಾಗದ ತೋರಿಸಿ. ಅಥ್ಲೆಟಿಕ್ ವಿಭಾಗದವರು "ಏನೂ ಆಗಲ್ಲ, ಸಹಿ ಹಾಕಿ" ಅಂದರೂ ಇದನ್ನು ಬಿಡಬೇಡಿ. ವೀಸಾ ಕಾನೂನು ನೋಡಿಕೊಳ್ಳುವುದು ಅವರ ಕೆಲಸವಲ್ಲ.